ಉಗುರುಬೆಚ್ಚಗಿನ ವಿಶ್ವಾಸ

ಪ್ರಾರ್ಥನೆ, ಉಪವಾಸ, ಭಾನುವಾರದ ಆರಾಧನೆ ಎಲ್ಲವೂ ಕ್ರಮವಾಗಿ ನಡೆಯುತ್ತಿರುವಾಗಲೇ, ತಾನು ತಿದ್ದಿಕೊಳ್ಳಬೇಕಾದದ್ದು ಇನ್ನು ಹೆಚ್ಚೇನೂ ಉಳಿದಿಲ್ಲವೆಂಬ ಸಮಾಧಾನವು ವಿಶ್ವಾಸಿಯ ಮನಸ್ಸಿನಲ್ಲಿ ಬೇರೂರುವ ಸ್ಥಿತಿಯನ್ನು ಆಧ್ಯಾತ್ಮಿಕ ಆತ್ಮತೃಪ್ತಿ ಎನ್ನಬಹುದು. ಇದು ಅವಿಶ್ವಾಸವಲ್ಲ, ದೇವರನ್ನೇ ಒಪ್ಪದವನಿಗೆ ಈ ರೋಗ ತಗಲುವುದಿಲ್ಲ. ಭಕ್ತಿಯ ಆಚರಣೆಯನ್ನೇ ಆಸರೆಯಾಗಿಸಿಕೊಂಡು ಬೆಳೆಯುವುದರಿಂದಲೇ ಇದನ್ನು ಗುರುತಿಸುವುದು ಕಷ್ಟ.

ಹೊಸ ಒಡಂಬಡಿಕೆಯ ಕೊನೆಯ ಪುಸ್ತಕವಾದ ಪ್ರಕಟನೆಯ 3ನೆಯ ಅಧ್ಯಾಯದಲ್ಲಿ ಲವೊದಿಕೀಯ ಸಭೆಗೆ ಬರೆದ ಪತ್ರವು ಈ ಸ್ಥಿತಿಯ ಮೂಲ ಚಿತ್ರವಾಗಿದೆ. ಇಂದಿನ ಟರ್ಕಿಯಲ್ಲಿದ್ದ ಆ ಪಟ್ಟಣವು ಲೇವಾದೇವಿಗೂ ಕಪ್ಪು ಉಣ್ಣೆಗೂ ಹೆಸರಾಗಿತ್ತು, ಕ್ರಿ.ಶ. 60ರ ಭೂಕಂಪದಲ್ಲಿ ಕುಸಿದಾಗ ಅದು ರೋಮಿನ ನೆರವಿಲ್ಲದೆ ಸ್ವಂತ ಸಂಪತ್ತಿನಿಂದಲೇ ಚೇತರಿಸಿಕೊಂಡಿತೆಂದು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ಯಾರ ಹಂಗೂ ಬೇಡವೆಂಬ ಊರಿನ ಹೆಮ್ಮೆ ಸಭೆಯೊಳಕ್ಕೂ ನುಸುಳಿರಬೇಕು. ಪೆರ್ಗಮ, ಥುವತೈರ ಸಭೆಗಳ ವಿಷಯದಲ್ಲಿ ಕಾಣುವ ಸುಳ್ಳುಬೋಧನೆಯ ಆರೋಪ ಇಲ್ಲಿಲ್ಲ. ಬಿಸಿಯೂ ಅಲ್ಲದ, ತಣ್ಣಗೂ ಇಲ್ಲದ ನೀರಿನಂತಿರುವುದೇ ಅದರ ಅಪರಾಧ. ಎಷ್ಟೋ ಕ್ರೈಸ್ತ ಮನೆಗಳ ಗೋಡೆಯ ಮೇಲೆ ತೂಗುವ, ಬಾಗಿಲು ತಟ್ಟುತ್ತ ನಿಂತ ಕ್ರಿಸ್ತನ ಚಿತ್ರಕ್ಕೆ ಆಧಾರವೂ ಇದೇ ಪತ್ರ. ಆ ಬಾಗಿಲು ಹೊರಗಿನವರದ್ದಲ್ಲ, ಸಭೆಯದ್ದೇ ಎಂಬುದನ್ನು ಚಿತ್ರ ನೋಡುವವರು ಸಾಮಾನ್ಯವಾಗಿ ಮರೆಯುತ್ತಾರೆ.

ಇದೇ ಜಡತೆಯ ಮತ್ತೊಂದು ಮುಖವನ್ನು ನಾಲ್ಕನೆಯ ಶತಮಾನದ ಈಜಿಪ್ಟಿನ ಮರುಭೂಮಿಯಲ್ಲಿ ಬಾಳಿ 399ರಲ್ಲಿ ತೀರಿಕೊಂಡ ಸನ್ಯಾಸಿ ಇವಾಗ್ರಿಯಸ್ 'ಅಕೇಡಿಯಾ' ಎಂಬ ಹೆಸರಿನಲ್ಲಿ, ಅಂದರೆ ಪರಮಾರ್ಥದ ವಿಷಯದಲ್ಲಿ ಮನಸ್ಸಿಗೆ ಕವಿಯುವ ಬೇಸರವೆಂಬ ಅರ್ಥದಲ್ಲಿ, ವಿವರಿಸಿದ್ದಾನೆ. ಬೆಳಗಿನ ಹತ್ತರ ಹೊತ್ತಿಗೆ ಸನ್ಯಾಸಿಯನ್ನು ಮುತ್ತುವ ಈ ಬೇಸರದಲ್ಲಿ ಸೂರ್ಯ ಚಲಿಸುವುದನ್ನೇ ನಿಲ್ಲಿಸಿದಂತೆ ತೋರುತ್ತದೆ. ಊಟದ ಸಮಯವಾದ ಮೂರು ಗಂಟೆಗೆ ಇನ್ನೆಷ್ಟು ಹೊತ್ತಿದೆಯೆಂದು ಅವನು ಪದೇ ಪದೇ ಕಿಟಕಿಯಾಚೆ ನೋಡುತ್ತಾನೆ. ಯಾರಾದರೂ ಬರಬಾರದೇ ಎಂದು ಕಾಯುತ್ತಾನೆ. ಕೈಕೆಲಸವೂ ಇರುವ ಜಾಗವೂ ಅವನಿಗೆ ಅಸಹ್ಯವಾಗುತ್ತವೆ. ಇವಾಗ್ರಿಯಸ್‌ನ ವಿಚಾರಗಳನ್ನು ಪಶ್ಚಿಮಕ್ಕೆ ಒಯ್ದ ಜಾನ್ ಕ್ಯಾಸಿಯನ್ ಇದಕ್ಕೆ ಇನ್ನೂ ಸೂಕ್ಷ್ಮವಾದ ಲಕ್ಷಣವೊಂದನ್ನು ಸೇರಿಸುತ್ತಾನೆ: ಬೇಸತ್ತವನಿಗೆ ರೋಗಿಗಳನ್ನು ನೋಡಿಬರುವ, ದಿಕ್ಕಿಲ್ಲದವರನ್ನು ವಿಚಾರಿಸುವ ಸತ್ಕಾರ್ಯಗಳು ಆಗಲೇ ನೆನಪಾಗುತ್ತವೆ. ಹಾಗಾಗಿ ಅಕೇಡಿಯಾವನ್ನು ಬರೀ ಸೋಮಾರಿತನವೆಂದು ತಿಳಿಯುವುದು ತಪ್ಪು. ಸಮಿತಿ, ಸಭೆ, ಸಮಾರಂಭಗಳಲ್ಲಿ ಬಿಡುವಿಲ್ಲದೆ ಓಡಾಡುತ್ತ ಏಕಾಂತದ ಪ್ರಾರ್ಥನೆಯಿಂದ ತಪ್ಪಿಸಿಕೊಳ್ಳುವ ಇಂದಿನ ವಿಶ್ವಾಸಿಯೂ ಅದೇ ಕಿಟಕಿಯ ಬಳಿ ನಿಂತಿದ್ದಾನೆ.

ಇದಕ್ಕೆ ಮರುಭೂಮಿಯ ಗುರುಗಳು ಹೇಳಿದ ಮದ್ದು ಬಹಳ ಸರಳ: ಇದ್ದಲ್ಲೇ ಇರುವುದು, ಹಿಡಿದ ಕೆಲಸವನ್ನು ಬಿಡದಿರುವುದು. ವಿಶ್ವಾಸಿಯ ಇಡೀ ಬದುಕೇ ಪಶ್ಚಾತ್ತಾಪವಾಗಿರಬೇಕೆಂದು 1517ರ ತನ್ನ ಮೊದಲ ವಾದದಲ್ಲೇ ಲೂಥರ್ ಸೂಚಿಸಿದ್ದರ ಹಿಂದೆಯೂ ಇದೇ ಎಚ್ಚರವಿದೆ. 1548ರಲ್ಲಿ ಪೋಪರ ಒಪ್ಪಿಗೆ ಪಡೆದ ಇಗ್ನೇಷಿಯಸ್ ಲೊಯೋಲಾನ 'ಆಧ್ಯಾತ್ಮಿಕ ಸಾಧನೆಗಳು' ಗ್ರಂಥವು ಈ ಎಚ್ಚರಕ್ಕೆ ಒಂದು ಕ್ರಮವನ್ನು ಕೊಟ್ಟಿತು: ಮೊದಲು ದೇವರಿಗೆ ಕೃತಜ್ಞತೆ, ಬಳಿಕ ತನ್ನ ತಪ್ಪನ್ನು ಕಾಣುವ ಕೃಪೆಗಾಗಿ ಬೇಡಿಕೆ, ಅನಂತರ ದಿನದ ಗಂಟೆಗಂಟೆಯ ಪರಿಶೀಲನೆ, ಕ್ಷಮಾಯಾಚನೆ, ತಿದ್ದಿಕೊಳ್ಳುವ ಸಂಕಲ್ಪ. ಇವುಗಳಲ್ಲಿ ಎರಡನೆಯದೇ ಮುಖ್ಯ. ಲೂಕನ ಸುವಾರ್ತೆಯ ಸಾಮ್ಯದಲ್ಲಿ ಬರುವ ಫರಿಸಾಯನೂ ದೇವಾಲಯದಲ್ಲಿ ಕೃತಜ್ಞತೆಯನ್ನೇ ಸಲ್ಲಿಸಿದ್ದ. ಆದರೆ ತನ್ನನ್ನು ಸುಂಕದವನೊಂದಿಗೆ ಹೋಲಿಸಿಕೊಂಡನೇ ಹೊರತು ತನ್ನ ಕೊರತೆಯನ್ನು ಕಾಣುವ ಬೆಳಕನ್ನು ಬೇಡಲಿಲ್ಲ.

ಈ ಆತ್ಮಪರೀಕ್ಷೆಗೆ ಮಠವೂ ಬೇಡ, ವಿಶೇಷ ವಿದ್ವತ್ತೂ ಬೇಡ. ಗೃಹಸ್ಥ ವಿಶ್ವಾಸಿಗಳು ಇದನ್ನು ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಬಿಟ್ಟುಕೊಡದೆ, ರಾತ್ರಿಯ ಕುಟುಂಬ ಪ್ರಾರ್ಥನೆಗೆ ಮುಂಚಿನ ಕೆಲವು ನಿಮಿಷಗಳನ್ನಾದರೂ ಇದಕ್ಕೆ ಮೀಸಲಿಡಬೇಕು.