ನೀಲಿ ರಕ್ತ, ಕರುವಿನ ಪಾಲು

ಅಪ್ಪನಿಗೆ ಶುಗರ್ ಬಂದು ಆರು ವರ್ಷ ಆಯ್ತು. ಊರಿಗೆ ಹೋದಾಗಲೆಲ್ಲ ಇನ್ಸುಲಿನ್ ಚುಚ್ಚೋ ಕೆಲಸ ನನ್ನದೇ. ಹೋದ ಸಲ ಸುಮ್ಮನಿರಲಾರದೆ ಬಾಯಿಬಿಟ್ಟೆ. "ಅಪ್ಪಾ, ಇಂಥ ಔಷಧಿ ಪರೀಕ್ಷೆ ಮಾಡೋಕೆ ಸಮುದ್ರದ ಒಂದು ಪ್ರಾಣಿಯ ರಕ್ತ ಬಳಸ್ತಾರೆ, ಗೊತ್ತಾ?"

"ಸಾಯಿಸ್ತಾರೇನ್ಲಾ?"

"ಇಲ್ಲ, ಸ್ವಲ್ಪ ರಕ್ತ ತಗೊಂಡು ವಾಪಸ್ ನೀರಿಗೆ ಬಿಡ್ತಾರೆ."

"ಬಿಟ್ರು ಅಂತೀಯ. ಮೊದ್ಲಿನಂಗೇ ಇರ್ತದಾ ಅದು?"

ಬೆಂಗಳೂರಿಗೆ ವಾಪಸ್ ಬರುವಾಗ ಬಸ್ಸಿನ ತುಂಬಾ ಇದೇ ಪ್ರಶ್ನೆ ತಲೆಯಲ್ಲಿ.

ಆ ಪ್ರಾಣಿ ಹಾರ್ಸ್‌ಶೂ ಕ್ರ್ಯಾಬ್, ಅಂದರೆ ಕುದುರೆ ಲಾಳದ ಏಡಿ. ಹೆಸರಷ್ಟೇ ಏಡಿ, ನಿಜವಾಗಿ ಜೇಡ, ಚೇಳುಗಳ ನೆಂಟ. ಡೈನೋಸಾರ್‌ಗಳು ಹುಟ್ಟೋದಕ್ಕೂ ಎಷ್ಟೋ ಮುಂಚಿನಿಂದ ಹೆಚ್ಚುಕಮ್ಮಿ ಇದೇ ರೂಪದಲ್ಲಿದೆ. ನಮ್ಮ ರಕ್ತದಲ್ಲಿ ಕಬ್ಬಿಣ ಮಾಡೋ ಕೆಲಸವನ್ನ ಅದರಲ್ಲಿ ತಾಮ್ರ ಮಾಡುತ್ತೆ, ಅದಕ್ಕೇ ರಕ್ತ ನೀಲಿ. ಬ್ಯಾಕ್ಟೀರಿಯಾ ತಗುಲಿದರೆ ಆ ರಕ್ತ ಹೆಪ್ಪುಗಟ್ಟುತ್ತೆ ಅಂತ ಫ್ರೆಡರಿಕ್ ಬ್ಯಾಂಗ್ ಎಂಬ ವಿಜ್ಞಾನಿ 1956ರಲ್ಲಿ ಬರೆದರು. ಔಷಧಿಯನ್ನು ಕುದಿಸಿ ಬ್ಯಾಕ್ಟೀರಿಯಾ ಕೊಂದರೂ ಅದರ ಹೊರಗೋಡೆಯ ಚೂರುಗಳು ಉಳಿದುಬಿಡುತ್ತವೆ. ಅವು ರಕ್ತಕ್ಕೆ ಸೇರಿದರೆ ಜ್ವರ, ಕೆಲವೊಮ್ಮೆ ಸಾವು. ಆ ಚೂರನ್ನು ಹಿಡಿಯೋ ಪರೀಕ್ಷೆಯೇ ಎಲ್‌ಎಎಲ್. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1977ರಲ್ಲಿ. ಅದಕ್ಕೂ ಮುಂಚೆ ಮೊಲಕ್ಕೆ ಔಷಧಿ ಚುಚ್ಚಿ, ಜ್ವರ ಬರುತ್ತಾ ಅಂತ ಕಾಯುತ್ತಿದ್ದರು. ಮೊಲ ಪಾರಾಯಿತು, ಇದು ಸಿಕ್ಕಿಬಿತ್ತು.

ಅಮೆರಿಕದ ಪೂರ್ವ ಕರಾವಳಿಯಲ್ಲಿ ಈಚಿನ ವರ್ಷಗಳಲ್ಲಿ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಏಡಿ ಹಿಡಿದು, ಸಾಲಾಗಿ ಕಟ್ಟಿ, ಹೃದಯದ ಹತ್ತಿರ ಸೂಜಿ ಚುಚ್ಚಿ ರಕ್ತ ಇಳಿಸುತ್ತಾರೆ. ಮೈಯ ರಕ್ತದ ಮೂರನೇ ಒಂದು ಭಾಗದ ತನಕ. ಬಿಟ್ಟ ಮೇಲೆ ನೂರಕ್ಕೆ 15 ಸಾಯುತ್ತವೆ ಅನ್ನೋದು ಅಲ್ಲಿನ ಮೀನುಗಾರಿಕಾ ಆಯೋಗ ಇಟ್ಟುಕೊಂಡಿರುವ ಅಂದಾಜು. 30ರ ತನಕ ಹೇಳುವ ಅಧ್ಯಯನಗಳೂ ಇವೆ. ಬದುಕಿದವೂ ಕೆಲವು ದಿನ ಮಂಕಾಗಿರುತ್ತವಂತೆ. ಅಪ್ಪನಿಗೆ ಉತ್ತರ ಸಿಕ್ಕಿತು: ಇಲ್ಲಪ್ಪ, ಮೊದ್ಲಿನಂಗಿರಲ್ಲ.

ಹಂಗಂತ ಇದು ತಪ್ಪಾ? ನಮ್ಮಜ್ಜಿ ಹಾಲು ಕರೆಯುವಾಗ ಒಂದು ಮೊಲೆ ಕರುವಿಗೆ ಅಂತ ಬಿಡೋರು. ಎಷ್ಟು ಕಷ್ಟ ಇದ್ದರೂ ಅದನ್ನ ಮುಟ್ಟುತ್ತಿರಲಿಲ್ಲ. ಪ್ರಾಣಿಯಿಂದ ತಗೊಳ್ಳೋದೇ ತಪ್ಪು ಅಂತ ಹೇಳುವ ಯೋಗ್ಯತೆ, ಹಾಲು ಕುಡಿದು ಬೆಳೆದ ನನಗಿಲ್ಲ. ಆದರೆ ಅದೇ ಊರಲ್ಲಿ, ಕರು ಸತ್ತರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸಿ ಹಾಲು ಕರೆಯೋದನ್ನೂ ನೋಡಿದ್ದೇನೆ. ಹಸು ಅದನ್ನ ನೆಕ್ಕುತ್ತಾ ನಿಂತಿರೋದು. ನಾನು ಆ ಕಡೆ ನೋಡುತ್ತಿರಲಿಲ್ಲ, ಹಾಲು ಮಾತ್ರ ಕುಡಿಯುತ್ತಿದ್ದೆ.

ಇಲ್ಲೂ ಒಂದು ಕರುವಿನ ಪಾಲಿದೆ. ಡೆಲವೇರ್ ಕೊಲ್ಲಿಯಲ್ಲಿ ಮೇ, ಜೂನ್ ತಿಂಗಳ ಅಮಾವಾಸ್ಯೆ ಹುಣ್ಣಿಮೆಗೆ ಈ ಏಡಿಗಳು ದಡಕ್ಕೆ ಬಂದು ಮೊಟ್ಟೆ ಇಡುತ್ತವೆ. ರೆಡ್ ನಾಟ್ ಅನ್ನೋ ಪುಟ್ಟ ಹಕ್ಕಿ ದಕ್ಷಿಣ ಅಮೆರಿಕದ ತುದಿಯಿಂದ ಉತ್ತರ ಧ್ರುವದ ಕಡೆ ಹಾರುವಾಗ ಇಲ್ಲಿಳಿದು, ಆ ಮೊಟ್ಟೆ ತಿಂದು ಮೈತೂಕ ಹೆಚ್ಚುಕಮ್ಮಿ ಎರಡರಷ್ಟು ಮಾಡಿಕೊಳ್ಳಬೇಕು. ಏಡಿ ಕಡಿಮೆಯಾದ ಹಾಗೆ ಹಕ್ಕಿಯೂ ಕಡಿಮೆಯಾಯಿತು. 2014ರಲ್ಲಿ ಅಮೆರಿಕ ಅದನ್ನು ಅಪಾಯದಲ್ಲಿರುವ ಪಟ್ಟಿಗೆ ಸೇರಿಸಿತು. ಪೂರ್ತಿ ತಪ್ಪು ರಕ್ತ ತೆಗೆಯುವವರದ್ದಲ್ಲ, ಎರೆಯಾಗಿ ಕತ್ತರಿಸಿದ್ದೂ ಲಕ್ಷಗಟ್ಟಲೆ. ಇನ್ನೂ ಹಿಂದಕ್ಕೆ ಹೋದರೆ ಒಣಗಿಸಿ, ಪುಡಿ ಮಾಡಿ ಹೊಲಕ್ಕೆ ಗೊಬ್ಬರ.

ನನಗೆ ಸಿಟ್ಟು ಬರೋದು ಬೇರೆ ಕಡೆ. ಸಿಂಗಪುರದ ವಿಶ್ವವಿದ್ಯಾಲಯದಲ್ಲಿ ಡಿಂಗ್ ಜಿಯಾಕ್ ಲಿಂಗ್, ಹೋ ಬೋ ಎಂಬಿಬ್ಬರು ಈ ರಕ್ತದ ಮುಖ್ಯ ಅಂಶವನ್ನು ಲ್ಯಾಬಿನಲ್ಲೇ ತಯಾರಿಸುವ ದಾರಿ 1990ರ ದಶಕದಲ್ಲೇ ತೋರಿಸಿದ್ದರು. ಯುರೋಪಿನ ಔಷಧ ಸಂಹಿತೆಯಲ್ಲಿ ಅದು ಜಾರಿಗೆ ಬಂದಿದ್ದು 2021ರಲ್ಲಿ, ಅಮೆರಿಕದ್ದರಲ್ಲಿ 2025ರಲ್ಲಿ. ಹಂದಿ, ದನಗಳ ಮೇದೋಜ್ಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದ ಇನ್ಸುಲಿನ್ನಿಗೆ ಬದಲಿ 1982ರಲ್ಲೇ ಬಂತಲ್ಲ, ಇದಕ್ಕೆ ಮಾತ್ರ ಯಾಕೆ ಇಷ್ಟು ವರ್ಷ? ಬೈಯೋಕೆ ಹೊರಟವನು ಅರ್ಧಕ್ಕೇ ನಿಂತೆ. ಪ್ರೊಡಕ್ಷನ್‌ನಲ್ಲಿ ನಡೀತಿರೋ ಹಳೇ ಕೋಡ್ ಮುಟ್ಟಬೇಡಿ ಅಂತ ಮೀಟಿಂಗ್‌ನಲ್ಲಿ ಹೇಳೋನು ನಾನೇ. ಹೊಸದು ಒಂದು ಸಲ ತಪ್ಪಿದರೂ ಸಾಯೋದು ಯಾರೋ ಒಬ್ಬರ ಅಪ್ಪ. ಆ ಭಯ ಸುಳ್ಳಲ್ಲ. ಆದರೆ ನಮ್ಮ ಭಯದ ಬಾಡಿಗೆಯನ್ನ ಮೂವತ್ತು ವರ್ಷ ಕಟ್ಟಿದ್ದು ಏಡಿ. ಅದಕ್ಕೆ ಮೀಟಿಂಗ್‌ಗೆ ಕರೆ ಬರಲ್ಲ.

ಇನ್ನೊಂದು ಮಾತೂ ಕೇಳಿಬರುತ್ತೆ: ರಕ್ತ ಬೇಕು ಅಂತಲೇ ಕಂಪನಿಗಳಿಗೆ ಏಡಿ ಉಳಿಯಬೇಕು, ನಾಳೆ ಬೇಡವಾದರೆ ಅದು ಬರೀ ಎರೆ. ಹಾಲು ಕೊಡೋ ತನಕ ಬೂಸಾ ಅನ್ನೋ ಲೆಕ್ಕ ಇದು. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಹಾಲು ಬತ್ತಿದ ಮೇಲೂ ನಮ್ಮಜ್ಜಿ ಗೌರಿಗೆ ಬೂಸಾ ಇಡುತ್ತಿದ್ದರು ಅನ್ನೋದೊಂದೇ ನೆನಪು.

ಮೊನ್ನೆ ಹಬ್ಬಕ್ಕೆ ಹೋದಾಗ ಇಷ್ಟನ್ನೂ ಅಪ್ಪನಿಗೆ ಹೇಳಿದೆ. ಫ್ರಿಜ್ಜಿನಿಂದ ಬಾಟಲಿ ತಂದು ಕನ್ನಡಕ ಏರಿಸಿದರು. "ಹಂಗಾದ್ರೆ ಇದು ರಕ್ತದ್ದೋ, ಲ್ಯಾಬಿಂದೋ? ನೋಡ್ ಹೇಳು." ತಿರುಗಿಸಿ ತಿರುಗಿಸಿ ನೋಡಿದೆ. ಬ್ಯಾಚ್ ನಂಬರ್ ಇತ್ತು, ಎಕ್ಸ್‌ಪೈರಿ ಇತ್ತು, ಬೆಲೆ ಇತ್ತು.

"ಹಾಕಿಲ್ಲ ಅಪ್ಪಾ."

"ಸರಿ ಬಿಡು," ಅಂತ ತೋಳು ಮುಂದೆ ಮಾಡಿದರು. ಎಂಟು ಯೂನಿಟ್ ಎಳೆದು ಚುಚ್ಚಿದೆ.