ಇಲ್ಲ ಎನ್ನುವ ಮುನ್ನ

ಮಕ್ಕಳ ಪರೀಕ್ಷೆಯ ಫಲಿತಾಂಶವನ್ನು ಈಗ ನಾವು ಫೋನಿನಲ್ಲೇ ನೋಡುತ್ತೇವೆ. ಇಂಥ ಮಾಹಿತಿ ತೆರೆಯ ಹಿಂದೆ ಹೆಚ್ಚಾಗಿ ಓಡಾಡುವುದು ಜೇಸನ್ ಎಂಬ ಸರಳ ಬರವಣಿಗೆಯಲ್ಲಿ. 2001ರ ಸುಮಾರಿಗೆ ಅಮೆರಿಕದ ಡಗ್ಲಾಸ್ ಕ್ರಾಕ್‌ಫರ್ಡ್ ಅದಕ್ಕೊಂದು ರೂಪ ಕೊಟ್ಟು ಪ್ರಚಾರಕ್ಕೆ ತಂದರು. ಪುಷ್ಪಾವರಣದೊಳಗೆ ಒಂದು ಹೆಸರು, ಅದರ ಪಕ್ಕದಲ್ಲಿ ಮೌಲ್ಯ. ‘ಗಣಿತ’ ಎಂದಿದ್ದರೆ ಪಕ್ಕದಲ್ಲಿ 72. ಯಾವುದು ಮೊದಲು ಬಂತು ಎನ್ನುವುದು ಮುಖ್ಯವಲ್ಲ, ಪ್ರೋಗ್ರಾಮು ಹೆಸರು ಹಿಡಿದೇ ಹುಡುಕಬೇಕು.

ಹುಡುಕಿದ ಹೆಸರು ಸಿಗದಿದ್ದರೆ? ಒಂದೊಂದು ಪ್ರೋಗ್ರಾಮಿಂಗ್ ಭಾಷೆಯ ಸ್ವಭಾವ ಒಂದೊಂದು. ಪೈಥಾನ್‌ನಲ್ಲಿ ಚೌಕಾವರಣ ಹಾಕಿ ಕೇಳಿದರೆ ‘ಕೀ ಎರರ್’ ಎಂದು ಕೆಲಸ ಅಲ್ಲಿಗೇ ನಿಲ್ಲುತ್ತದೆ. ‘ಗೆಟ್’ ಬಳಸಿ ಕೇಳಿದರೆ ಸದ್ದಿಲ್ಲದೆ ‘ನನ್’, ಅಂದರೆ ಏನೂ ಇಲ್ಲ, ಎನ್ನುತ್ತದೆ, ಇಲ್ಲವೇ ನಾವು ಮೊದಲೇ ಹೇಳಿಟ್ಟ ಮೌಲ್ಯವನ್ನು ಕೊಡುತ್ತದೆ. ಹೇಳಿಟ್ಟದ್ದು ಸೊನ್ನೆಯಾದರೆ ತೆರೆಯ ಮೇಲೆ ಸೊನ್ನೆ! ಜೊತೆಗೆ ಜೇಸನ್‌ನಲ್ಲೇ ‘ನಲ್’ ಎಂಬುದೊಂದಿದೆ: ಹೆಸರು ಬಂದಿದೆ, ಮೌಲ್ಯ ಬಂದಿಲ್ಲ. ಸೊನ್ನೆ ಪಡೆದ ಮಗು ಪರೀಕ್ಷೆಗೆ ಕೂತಿತ್ತು. ಇನ್ನೊಂದು ಮಗು ಆ ದಿನ ಜ್ವರ ಬಂದು ಮಲಗಿತ್ತು. ಮತ್ತೊಂದರ ಉತ್ತರಪತ್ರಿಕೆಯ ಮೌಲ್ಯಮಾಪನವೇ ಮುಗಿದಿಲ್ಲ. ಮೂವರಿಗೂ ಸೊನ್ನೆ ತೋರಿಸುವ ಪ್ರೋಗ್ರಾಮು ನಡುವೆ ಎಲ್ಲೂ ನಿಲ್ಲುವುದಿಲ್ಲ, ದೋಷವನ್ನೂ ತೋರಿಸುವುದಿಲ್ಲ. ಹಾಗಾಗಿಯೇ ಅದು ನಿಂತುಹೋಗುವ ಪ್ರೋಗ್ರಾಮಿಗಿಂತ ಅಪಾಯಕಾರಿ ಎಂದು ನನಗನಿಸುತ್ತದೆ.

‘ಇಲ್ಲ’ ಎಂದು ತಿಳಿಯುವುದು ಹೇಗೆಂಬುದನ್ನು ನಮ್ಮ ದಾರ್ಶನಿಕರು ಬಹಳ ಗಂಭೀರವಾಗಿ ಚರ್ಚಿಸಿದ್ದಾರೆ. ಕುಮಾರಿಲ ಭಟ್ಟರ ಪರಂಪರೆಯ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು, ಅಂದರೆ ಕಾಣದಿರುವುದನ್ನು, ಒಂದು ಪ್ರಮಾಣವೆಂದೇ ಒಪ್ಪಿದರು. ಆದರೆ ಅದಕ್ಕೊಂದು ಷರತ್ತಿದೆ: ವಸ್ತು ಅಲ್ಲಿದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಂತಿರಬೇಕು. ಬೆಳಕಿರುವ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲಲ್ಲಿ ತಡಕಾಡಿ ಹಾಗೆನ್ನುವಂತಿಲ್ಲ. ಪ್ರೋಗ್ರಾಮಿನ ಹುಡುಕಾಟದಲ್ಲೂ ಇಂಥ ಕತ್ತಲಿದೆ. ಪೈಥಾನ್, ಜಾವಾಸ್ಕ್ರಿಪ್ಟ್‌ಗಳಂಥ ಭಾಷೆಗಳಿಗೆ ಇಂಗ್ಲಿಷಿನ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಇರುವ ಅಂಕವೇ ಸಿಗುವುದಿಲ್ಲ. ಆಗ ಇಲ್ಲವಾದದ್ದು ಅಂಕವಲ್ಲ, ಹುಡುಕಿದ ರೀತಿಯೇ ಸರಿಯಿಲ್ಲ.

ಕಚೇರಿಯಲ್ಲಿ ಕೌಂಟರಿನ ಆಚೆ ನಿಂತ ಹಿರಿಯರಿಗೆ ‘ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ’ ಎನ್ನುವವರಿಗೂ ಈ ಷರತ್ತು ಅನ್ವಯಿಸುತ್ತದೆ. ಇನಿಶಿಯಲ್ ಹಿಂದುಮುಂದಾಗಿದೆಯೇ, ಊರಿನ ಹೆಸರು ಬೇರೆ ಥರ ಬರೆದಿದೆಯೇ ಎಂದು ಇನ್ನೊಮ್ಮೆ ಹುಡುಕಿದ ಮೇಲಷ್ಟೇ ಆ ಮಾತು ಆಡಬೇಕು. ಪ್ರೋಗ್ರಾಮಿನಲ್ಲಾದರೆ ಈ ಎಚ್ಚರಕ್ಕೆ ಹಿಡಿಯುವುದು ಎರಡು ಮೂರು ಸಾಲು: ಹೆಸರೂ ಅದರ ಮೌಲ್ಯವೂ ಬಂದಿವೆಯೇ ಎಂದು ಮೊದಲು ಕೇಳಿ, ಬರದಿದ್ದರೆ ‘0’ ಬದಲು ‘ಅಂಕ ಇನ್ನೂ ಬಂದಿಲ್ಲ’ ಎಂದು ತೋರಿಸಬೇಕು. ಇಂಥ ಸಾಲು ಬರೆಯುವ ಮಕ್ಕಳು, ಸೊಸೆಯಂದಿರು, ಅಳಿಯಂದಿರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಊಟಕ್ಕೆ ಕೂತಾಗ ಅವರನ್ನೊಮ್ಮೆ ಈ ಬಗ್ಗೆ ಕೇಳಿ ನೋಡೋಣ.