ಹೊಳೆಯ ಬಲಿಯೋ, ಕಲಿಸದ ಈಜೋ

ಹೊಳೆಯಲ್ಲಿ ಹುಡುಗರು ಮುಳುಗಿ ಸತ್ತಾಗ ದಡದಲ್ಲಿ ನೆರೆದವರ ಪೈಕಿ ಒಬ್ಬರಾದರೂ ಹೇಳುತ್ತಾರೆ: “ಈ ಮಡು ವರ್ಷಕ್ಕೊಂದು ಬಲಿ ತಗೊಳ್ದೆ ಬಿಡಲ್ಲ.” ಇನ್ನೊಬ್ಬರು, “ಅವನ ಆಯುಷ್ಯ ಅಷ್ಟೇ ಇತ್ತು, ಗಂಗಮ್ಮ ಕರಕೊಂಡ್ಲು” ಎನ್ನುತ್ತಾರೆ. ಮಗನ ಹೆಣದ ಮುಂದೆ ಕೂತ ತಾಯಿಗೆ ಆ ಹೊತ್ತಿನಲ್ಲಿ ಇಂಥ ಮಾತೇ ಆಸರೆ. ಅದನ್ನು ಅವಳಿಂದ ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಆದರೆ ವೈಕುಂಠ ಸಮಾರಾಧನೆ ಮುಗಿದ ಮೇಲೂ, ಮುಂದಿನ ಬೇಸಿಗೆ ರಜೆ ಬಂದು ಹುಡುಗರು ಮತ್ತೆ ನೀರಿನ ಕಡೆ ಓಡುವಾಗಲೂ ಊರು ಅದೇ ಮಾತನ್ನು ನಂಬಿ ಕೈಕಟ್ಟಿ ಕೂತರೆ? ಸಾವು ಹಣೆಯಲ್ಲೇ ಬರೆದಿದ್ದರೆ ಮಕ್ಕಳಿಗೆ ಈಜು ಕಲಿಸುವುದರಲ್ಲಿ, ಸ್ನಾನಘಟ್ಟಕ್ಕೆ ಸರಪಳಿ ಕಟ್ಟುವುದರಲ್ಲಿ ಅರ್ಥವೇನಿದೆ?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಭಾರತದಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೀಗೆ ಸಾಯುವವರು ವರ್ಷಕ್ಕೆ 35,000ಕ್ಕೂ ಹೆಚ್ಚು. ಇಷ್ಟು ಸಾವುಗಳ ಲೆಕ್ಕವನ್ನು ವಿಧಿಯ ಖಾತೆಗೆ ಬರೆದುಬಿಡುವವರು ಶಾಸ್ತ್ರ ತಮ್ಮ ಕಡೆಗಿದೆ ಎಂದುಕೊಂಡಿರುತ್ತಾರೆ. ಶಾಸ್ತ್ರಗಳನ್ನು ತೆರೆದು ನೋಡಿದರೆ ಹಾಗೆ ಕಾಣುವುದಿಲ್ಲ.

ಮನುಸ್ಮೃತಿಯಲ್ಲಿ ಇಂದು ಒಪ್ಪಲಾಗದ, ಒಪ್ಪಲೂಬಾರದ ಮಾತುಗಳು ಬೇಕಾದಷ್ಟಿವೆ. ಅದರ ನಾಲ್ಕನೆಯ ಅಧ್ಯಾಯದಲ್ಲಿ ವೇದಾಧ್ಯಯನ ಮುಗಿಸಿದ ಸ್ನಾತಕನಿಗೆ ಹೇಳಿದ ಕಟ್ಟಳೆಗಳ ನಡುವೆ ನೀರಿಗೆ ಸಂಬಂಧಿಸಿದ ಕೆಲವು ಸಾಲುಗಳು ಮಾತ್ರ ಇಂದಿನ ಈಜು ಶಿಕ್ಷಕರೂ ತಲೆದೂಗುವಂತಿವೆ. ಉಂಡ ಮೇಲೆ ನೀರಿಗಿಳಿಯಬೇಡ, ಕಾಯಿಲೆಯಿದ್ದಾಗ ಬೇಡ, ನಡುರಾತ್ರಿ ಬೇಡ, ಆಳ-ಅಗಲ ಗೊತ್ತಿಲ್ಲದ ನೀರಿನಲ್ಲಿ ಸ್ನಾನವೇ ಬೇಡ. ಬರಿ ತೋಳುಗಳನ್ನು ನಂಬಿ ನದಿ ದಾಟಬೇಡ ಎಂಬ ಎಚ್ಚರಿಕೆಯೂ ಅದೇ ಅಧ್ಯಾಯದಲ್ಲಿದೆ.

ಗೊತ್ತಿಲ್ಲದ ನೀರು ಎಂಬುದು ನಮ್ಮಲ್ಲಿ ಈಗ ಮೊದಲಿಗಿಂತ ಹೆಚ್ಚಾಗಿದೆ. ಹೋದ ವರ್ಷ ಮೊಣಕಾಲುದ್ದ ನೀರಿದ್ದ ಹೊಳೆಯ ಪಾತ್ರದಲ್ಲಿ ಮರಳು ತೆಗೆದ ಗುಂಡಿ ಈ ವರ್ಷ ಎರಡಾಳುದ್ದ ಇರುತ್ತದೆ, ಮೇಲಿಂದ ನೋಡಿದರೆ ನೀರು ಒಂದೇ ಸಮ. ಕಲ್ಲು ಕ್ವಾರಿಗಳಲ್ಲಿ ಇಳಿಜಾರೇ ಇರುವುದಿಲ್ಲ, ಅಂಚಿನಿಂದ ಒಂದು ಹೆಜ್ಜೆ ಆಚೆಗೆ ಪಾತಾಳ. ಒಣಭೂಮಿಯ ರೈತರಿಗೆ ವರವಾಗಿ ಬಂದ ಕೃಷಿ ಹೊಂಡಗಳ ಕಥೆಯಂತೂ ಕರುಳು ಹಿಂಡುತ್ತದೆ. ನೀರು ಇಂಗದಿರಲೆಂದು ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟುತ್ತದೆ. ಕಾಲು ಜಾರಿ ಒಳಗೆ ಬಿದ್ದವನು ಅಂಚನ್ನು ಮುಟ್ಟಿದರೂ ಹತ್ತಿ ಬರಲಾರ, ಹಿಡಿದುಕೊಳ್ಳಲು ಕಲ್ಲಿಲ್ಲ, ಬೇರಿಲ್ಲ. ಹೊಂಡದ ನಾಲ್ಕು ಮೂಲೆಗೂ ಗಂಟು ಹಾಕಿದ ಹಗ್ಗ ಇಳಿಬಿಟ್ಟು, ಸುತ್ತ ತಂತಿಬೇಲಿ ಹಾಕಿದರೆ ಉಳಿಯುವ ಜೀವಗಳಿವು. ಇಲ್ಲಿ ಗಂಗಮ್ಮನನ್ನು ಎಳೆದುತರುವುದು ಅವಳಿಗೂ ಅನ್ಯಾಯ.

ಶ್ವೇತಾಂಬರ ಜೈನರ ಆಚಾರಾಂಗ ಸೂತ್ರ ಇನ್ನೂ ಸೂಕ್ಷ್ಮವಾಗಿ ಯೋಚಿಸಿದೆ. ನೀರಿನ ಕಣಕಣವೂ ಜೀವ ಎಂದು ನಂಬುವ ಧರ್ಮ ಅದು, ನೀರನ್ನು ಕಲಕುವುದೇ ಹಿಂಸೆ. ದೋಣಿಯಲ್ಲಿ ಹೋಗುತ್ತಿರುವ ಮುನಿಯನ್ನು ಯಾರೋ ಹೊಳೆಗೆ ಎಸೆದರೆ ಅವನೇನು ಮಾಡಬೇಕು? ಗಾಬರಿಯಾಗಬಾರದು, ಸಿಟ್ಟಾಗಬಾರದು. ಮುಳುಗಿ ಏಳಬಾರದು, ಕಿವಿ, ಕಣ್ಣು, ಮೂಗು, ಬಾಯಿಗೆ ನೀರು ಹೋಗದಂತೆ ನೋಡಿಕೊಳ್ಳಬೇಕು. ಕೈಕಾಲು ಸೋತರೆ ಮೈಮೇಲಿನ ವಸ್ತ್ರವನ್ನೋ ಉಪಕರಣಗಳನ್ನೋ ಬಿಟ್ಟುಬಿಡಬೇಕು, ಅವುಗಳ ಮೇಲೆ ಮೋಹ ಇಟ್ಟುಕೊಳ್ಳಬಾರದು. ಅಪರಿಗ್ರಹದ ಉಪದೇಶ ಇಲ್ಲಿ ಜೀವ ಉಳಿಸುವ ಉಪಾಯವೂ ಆಗಿದೆ. ಒದ್ದೆಯಾದ ಜೀನ್ಸು, ಹೆಗಲ ಚೀಲ, ಕೈಯಲ್ಲಿ ಎತ್ತಿ ಹಿಡಿದ ಮೊಬೈಲು, ಇವನ್ನು ಬಿಡಲಾರದೆ ಮುಳುಗುವವರ ಕಾಲದಲ್ಲಿ ಆ ಮಾತು ಹಳತಾಗಿಲ್ಲ.

ವಿಧಿಯ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡದ್ದು ಬೌದ್ಧರ ಮಹಾಜನಕ ಜಾತಕ. ಕಳೆದುಹೋದ ತಂದೆಯ ರಾಜ್ಯ ಮಿಥಿಲೆಯನ್ನು ಮರಳಿ ಪಡೆಯಲು ಹಣ ಬೇಕೆಂದು ರಾಜಕುಮಾರ ಮಹಾಜನಕ ಸುವರ್ಣಭೂಮಿಗೆ ಹಡಗು ಹತ್ತುತ್ತಾನೆ. ನಡುಗಡಲಲ್ಲಿ ಹಡಗು ಒಡೆಯುತ್ತದೆ. ಉಳಿದವರೆಲ್ಲ ಅಳುತ್ತ ತಂತಮ್ಮ ದೇವರನ್ನು ಕೂಗುತ್ತಿರುವಾಗ ಮಹಾಜನಕ ಅಳುವುದೂ ಇಲ್ಲ, ಕೂಗುವುದೂ ಇಲ್ಲ. ಸಕ್ಕರೆ ಬೆರೆಸಿದ ತುಪ್ಪ ಹೊಟ್ಟೆ ತುಂಬ ತಿನ್ನುತ್ತಾನೆ. ಎರಡು ಬಟ್ಟೆಗಳಿಗೆ ಎಣ್ಣೆ ಸವರಿ ಮೈಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಾನೆ. ಹಡಗು ಮುಳುಗುವ ಹೊತ್ತಿಗೆ ಕೂವೆಮರ ಹತ್ತಿ, ಕೆಳಗೆ ಬಾಯಿ ತೆರೆದು ಕಾದಿರುವ ಜಲಚರಗಳಿಂದ ದೂರಕ್ಕೆ ಹಾರುತ್ತಾನೆ. ಜಾತಕ ಕಥೆಗಾರ ಇಷ್ಟು ವಿವರವನ್ನು ಸುಮ್ಮನೆ ಹೇಳಿಲ್ಲ. ಧೈರ್ಯಕ್ಕಿಂತ ಮೊದಲು ಸಿದ್ಧತೆ ಬರುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಏಳು ದಿನ ಈಜುತ್ತಾನೆ. ಕಡಲ ಕಾವಲಿನ ದೇವತೆ ಮಣಿಮೇಖಲೆ ತನ್ನ ಸುಖದಲ್ಲಿ ಮೈಮರೆತಿದ್ದವಳು ಏಳನೆಯ ದಿನ ಬಂದು ಕೇಳುತ್ತಾಳೆ: ದಡವೇ ಕಾಣದ ನೀರಿನಲ್ಲಿ ಯಾವ ಫಲಕ್ಕಾಗಿ ಕೈ ಬೀಸುತ್ತಿದ್ದೀಯ? ಅವನ ಉತ್ತರದ ಸಾರ ಇಷ್ಟು: ಮಾಡಬೇಕಾದ ಪ್ರಯತ್ನ ಮಾಡಿದವನು ಬಂಧುಗಳಿಗೂ ದೇವರಿಗೂ ಪಿತೃಗಳಿಗೂ ಸಾಲಗಾರನಾಗಿ ಉಳಿಯುವುದಿಲ್ಲ. ಕೈಬಿಟ್ಟವರು ಮುಳುಗಿದರು, ಈಜಿದ್ದಕ್ಕೇ ತಾನು ಬದುಕಿದ್ದೇನೆ, ನಿನ್ನನ್ನೂ ಕಾಣುತ್ತಿದ್ದೇನೆ. ದೇವತೆ ಅವನನ್ನು ಎತ್ತಿಕೊಳ್ಳುವುದು ಆಮೇಲೆ. ದೈವ ಬರುವವರೆಗೆ ತೇಲುತ್ತಿರಬೇಕಾದ ಹೊಣೆ ಮನುಷ್ಯನದೇ ಎಂದು ಕಥೆ ಹೇಳುತ್ತದೆ. ಪೌರುಷವನ್ನು ದೈವಕ್ಕಿಂತ ಮೇಲೆ ಇಟ್ಟ ಯೋಗವಾಸಿಷ್ಠದ ವಾದವೂ ಇದಕ್ಕೆ ದೂರದ್ದಲ್ಲ.

ಹಾಗಾದರೆ ನೀರಿನಲ್ಲಿ ಎಲ್ಲವೂ ಪ್ರಯತ್ನವೇ? ಮೊದಲ ದಿನ ನೀರಿಗಿಳಿದ ಮಗುವನ್ನು ನೋಡಿದವರು ಹಾಗೆನ್ನಲಾರರು. ಅದು ತಲೆಯನ್ನು ಆದಷ್ಟೂ ಮೇಲೆತ್ತುತ್ತದೆ, ಎರಡೂ ಕೈ ಮೇಲೆ ಚಾಚುತ್ತದೆ, ಉಸಿರು ಬಿಗಿಹಿಡಿಯುತ್ತದೆ, ಮುಳುಗುತ್ತದೆ. ಎದೆ ತುಂಬ ಗಾಳಿಯಿರುವ ಮನುಷ್ಯದೇಹ ನೀರಿಗಿಂತ ಕೊಂಚ ಮಾತ್ರ ಹಗುರ. ಮೈಯ ಸ್ವಲ್ಪ ಭಾಗವಷ್ಟೇ ನೀರಿನ ಮೇಲೆ ಇರಬಲ್ಲದು. ಕೈ ಮೇಲೆ ಹೋದಷ್ಟೂ ಆ ಭಾರಕ್ಕೆ ಬಾಯಿ ಕೆಳಗೆ ಹೋಗುತ್ತದೆ. ಆದ್ದರಿಂದ ತಿಳಿದವರು ಕೈಕಾಲು ಬಡಿಯುವುದನ್ನು ಮೊದಲು ಕಲಿಸುವುದಿಲ್ಲ. ಮುಖವನ್ನು ನೀರಿನೊಳಗಿಟ್ಟು ಗುಳ್ಳೆ ಬಿಡುವುದು ಮೊದಲ ಪಾಠ. ಆಮೇಲೆ ಅಂಗಾತ ಮಲಗುವುದು: ಕಿವಿ ನೀರೊಳಗೆ, ಗಲ್ಲ ಮೇಲಕ್ಕೆ, ಹೊಟ್ಟೆ ಮೇಲಕ್ಕೆ, ಕೈ ಅಗಲಕ್ಕೆ, ಉಸಿರು ನಿಧಾನ. ಕಲಿಸುವವರ ಅಂಗೈ ಬೆನ್ನಡಿಯಿಂದ ಯಾವಾಗ ಸರಿಯಿತೆಂದು ಮಗುವಿಗೆ ಗೊತ್ತೇ ಆಗುವುದಿಲ್ಲ.

ಶ್ರೀವೈಷ್ಣವರಲ್ಲಿ ಶರಣಾಗತಿಯ ಬಗ್ಗೆ ಒಂದು ಹಳೆಯ ಚರ್ಚೆಯಿದೆ. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಗಟ್ಟಿಯಾಗಿ ತಬ್ಬಿಹಿಡಿದಂತೆ ಜೀವ ದೇವರನ್ನು ಹಿಡಿಯಬೇಕೋ, ಬೆಕ್ಕಿನ ಮರಿ ಸುಮ್ಮನಿದ್ದರೂ ತಾಯಿಯೇ ಕಚ್ಚಿ ಒಯ್ದಂತೆ ದೇವರೇ ಎತ್ತಿಕೊಳ್ಳುತ್ತಾನೋ? ವಡಗಲೈ, ತೆಂಗಲೈ ಪಂಥಗಳು ಈ ಎರಡು ಪಕ್ಷ ಹಿಡಿದು ಶತಮಾನಗಳಿಂದ ವಾದಿಸಿವೆ. ನೀರಿಗಿಳಿದವನಿಗೆ ಎರಡೂ ಬೇಕು. ತೇಲುವಾಗ ಬೆಕ್ಕಿನ ಮರಿ, ದಡ ಸೇರುವಾಗ ಕೋತಿಮರಿ. ಆದರೆ ಆ ಸುಮ್ಮನಿರುವಿಕೆಯನ್ನೂ ಕಲಿಯಬೇಕು, ಅದು ಹುಟ್ಟಿನಿಂದ ಬರುವುದಿಲ್ಲ.

ಬಯಲುಸೀಮೆಯ ಹಳ್ಳಿಗಳಲ್ಲಿ ಈ ಕಲಿಕೆ ತೋಟದ ಬಾವಿಗಳಲ್ಲಿ ನಡೆಯುತ್ತಿತ್ತು. ನಡುವಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ, ಮೇಲಿನಿಂದ ಹಗ್ಗ ಹಿಡಿದು ಮಾವನೋ ಚಿಕ್ಕಪ್ಪನೋ ಮಕ್ಕಳನ್ನು ಇಳಿಸುತ್ತಿದ್ದರು. ಬೋರ್‌ವೆಲ್ ಬಂದವು, ಬಾವಿಗಳು ಬತ್ತಿದವು, ಹೂತವು. ಪೇಟೆಯ ಈಜುಕೊಳಕ್ಕೆ ಶುಲ್ಕ ಕಟ್ಟಬಲ್ಲವರ ಮಕ್ಕಳು ಅಲ್ಲಿ ಕಲಿತರು. ನಡುವೆ ಉಳಿದ ದೊಡ್ಡದೊಂದು ಪೀಳಿಗೆ ನೀರಿನ ಹತ್ತಿರವೇ ಬೆಳೆದರೂ ಈಜು ಬಾರದೆ ಉಳಿಯಿತು.

ಯಾರು ಕಲಿಸಬೇಕು? ಸುಮಾರು 1,500 ವರ್ಷಗಳ ಹಿಂದೆ ಬಾಬಿಲೋನಿನಲ್ಲಿ ಸಂಕಲನಗೊಂಡ ಯಹೂದಿಗಳ ತಾಲ್ಮುಡ್ ಇದಕ್ಕೆ ಉತ್ತರ ಕೊಟ್ಟಿದೆ. ತಂದೆ ಮಗನಿಗೆ ಮಾಡಲೇಬೇಕಾದ ಕರ್ತವ್ಯಗಳನ್ನು ಅಲ್ಲಿ ಪಟ್ಟಿ ಮಾಡುತ್ತಾರೆ: ಧರ್ಮಗ್ರಂಥ ಕಲಿಸುವುದು, ಮದುವೆ ಮಾಡಿಸುವುದು, ಕಸುಬು ಕಲಿಸುವುದು. ಈಜು ಕಲಿಸುವುದೂ ಸೇರಬೇಕು ಎಂದು ಕೆಲವರು ಹೇಳುತ್ತಾರೆ. ಕಾರಣವಾಗಿ ಕೊಡುವುದು ಒಂದೇ ಮಾತು, ಅವನ ಜೀವ ಅದರಲ್ಲಿದೆ. ಧರ್ಮಗ್ರಂಥದ ಪಾಠದ ಸಾಲಿನಲ್ಲೇ ಈಜನ್ನು ಕೂರಿಸಿದ ಆ ಪಂಡಿತರಿಗೆ ಎಷ್ಟು ನಮಸ್ಕಾರ ಹೇಳಿದರೂ ಸಾಲದು.

ಅದೇ ತಾಲ್ಮುಡ್ ಇನ್ನೊಂದೆಡೆ ಕೇಳುತ್ತದೆ: ನೆರೆಯವನು ಹೊಳೆಯಲ್ಲಿ ಮುಳುಗುತ್ತಿರುವುದನ್ನು ಕಂಡವನ ಕರ್ತವ್ಯವೇನು? ಉಳಿಸಬೇಕು. ತನ್ನಿಂದಾಗದಿದ್ದರೆ ಕೂಲಿ ಕೊಟ್ಟಾದರೂ ಬಲ್ಲವರನ್ನು ಕರೆತರಬೇಕು ಎಂದು ಚರ್ಚೆ ಮುಂದುವರಿಯುತ್ತದೆ. ಈ ಎರಡನೆಯ ಮಾತು ಬಹಳ ಮುಖ್ಯ. ನಮ್ಮ ಕೆರೆಗಳಲ್ಲಿ ಮತ್ತೆ ಮತ್ತೆ ನಡೆಯುವುದೇನು? ಬಟ್ಟೆ ಒಗೆಯುವಾಗ ಮಗಳು ಜಾರುತ್ತಾಳೆ, ಹಿಡಿಯಲು ತಾಯಿ ಇಳಿಯುತ್ತಾಳೆ, ತಾಯಿಯನ್ನು ಹಿಡಿಯಲು ಚಿಕ್ಕಮ್ಮ. ಮರುದಿನದ ಪತ್ರಿಕೆಯಲ್ಲಿ ಒಂದೇ ಮನೆಯ ಮೂರು ಹೆಸರು. ಆ ಮೂವರ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಈಜು ಬಾರದವರು ನೀರಿಗೆ ಹಾರುವುದು ಧರ್ಮದ ಬೇಡಿಕೆಯಲ್ಲ. ದಡದಲ್ಲಿ ಬೋರಲು ಮಲಗಿ ಕೋಲು ಚಾಚುವುದು, ಸೀರೆಯನ್ನೋ ಪಂಚೆಯನ್ನೋ ಬೀಸುವುದು, ಮುಚ್ಚಳ ಬಿಗಿದ ಖಾಲಿ ಕ್ಯಾನನ್ನೋ ಟ್ಯೂಬನ್ನೋ ಎಸೆಯುವುದು, ಕೂಗಿ ಜನ ಸೇರಿಸುವುದು, 112ಕ್ಕೆ ಕರೆ ಮಾಡುವುದು, ಇವೂ ಉಳಿಸುವ ಕೆಲಸಗಳೇ. ಮುಳುಗುತ್ತಿರುವವರು ಸಿನಿಮಾದಲ್ಲಿ ತೋರಿಸುವಂತೆ ಕಿರುಚುವುದಿಲ್ಲ ಎಂಬುದೂ ಗೊತ್ತಿರಬೇಕು. ಬಾಯಿ ನೀರಿನ ಮಟ್ಟದಲ್ಲೇ ಒಳಗೆ ಹೊರಗೆ ಆಗುತ್ತಿರುವಾಗ ಉಸಿರೆಳೆಯಲೇ ಪುರುಸೊತ್ತಿಲ್ಲ, ಕೂಗುವುದೆಲ್ಲಿ? ಕೈಗಳು ಅಕ್ಕಪಕ್ಕದಲ್ಲಿ ನೀರನ್ನು ಒತ್ತುತ್ತಿರುತ್ತವೆ. ಇದು ಒಂದು ನಿಮಿಷದೊಳಗೆ ಮುಗಿದುಹೋಗಬಹುದು. ಹತ್ತು ಅಡಿ ದೂರದಲ್ಲಿ ಆಡುತ್ತಿದ್ದವರಿಗೆ ತಿಳಿಯದೇ ಹೋಗುವುದು ಅದಕ್ಕೇ.

ನೀರಿನಿಂದ ಎತ್ತಿದ ಮೇಲೆ ಏನು ಮಾಡಬೇಕೆಂಬುದೂ ತಿಳಿದಿರಬೇಕು. 2022ರಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಮುಳುಗಿ ಸತ್ತ ಬಾಲಕನ ಮೈಯನ್ನು ಮನೆಯವರು ಉಪ್ಪಿನ ರಾಶಿಯಲ್ಲಿ ಹೂತು ಗಂಟೆಗಟ್ಟಲೆ ಕಾದರು. ಉಪ್ಪು ನೀರನ್ನು ಹೀರಿಕೊಂಡು ಜೀವ ಮರಳುತ್ತದೆಂದು ಮೊಬೈಲಿನಲ್ಲಿ ಬಂದ ಸಂದೇಶವನ್ನು ನಂಬಿದ್ದರು. ಆ ತಂದೆತಾಯಿಯನ್ನು ಮೂಢರೆನ್ನಲು ಮನಸ್ಸು ಬರುವುದಿಲ್ಲ. ಮಗುವಿಗಾಗಿ ಏನು ಮಾಡಲೂ ಸಿದ್ಧರಿದ್ದ ಜನಕ್ಕೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮುಳುಗಿದವರನ್ನು ಕೊಲ್ಲುವುದು ಪ್ರಾಣವಾಯುವಿನ ಕೊರತೆ. ಉಸಿರು ನಿಂತ ನಾಲ್ಕೈದು ನಿಮಿಷದಲ್ಲೇ ಮೆದುಳು ಹಾಳಾಗತೊಡಗುತ್ತದೆ. ಮೇಲೆತ್ತಿದ ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆಯ ನಡುವೆ ಒತ್ತಬೇಕು, ವೈದ್ಯರು ಸಿಗುವವರೆಗೆ ನಿಲ್ಲಿಸಬಾರದು. ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ತಲೆಕೆಳಗು ಮಾಡಿ ತಿರುಗಿಸುವುದು, ಉಪ್ಪು, ಎಲ್ಲವೂ ಆ ನಿಮಿಷಗಳನ್ನು ನುಂಗುತ್ತವೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಧರ್ಮ ಇನ್ನೊಂದು ರೂಪದಲ್ಲಿ ಅಡ್ಡ ನಿಲ್ಲುತ್ತದೆ. ಮೈಗಂಟುವ ಬಟ್ಟೆ, ನೋಡುವ ಕಣ್ಣು, ದೊಡ್ಡವಳಾದ ಹುಡುಗಿ ನೀರಿಗಿಳಿಯಬಾರದೆಂಬ ಕಟ್ಟು. ಜಾಂಜಿಬಾರಿನ ನುಂಗ್ವಿ ಊರಿನ ಮುಸ್ಲಿಂ ಹೆಣ್ಣುಮಕ್ಕಳು ಸುತ್ತಲೂ ಸಮುದ್ರವಿದ್ದರೂ ಈಜು ಕಲಿಯುತ್ತಿರಲಿಲ್ಲ. ಪಂಜೆ ಪ್ರಾಜೆಕ್ಟ್ ಎಂಬ ಸ್ಥಳೀಯ ಸಂಸ್ಥೆ ಮೈತುಂಬ ಮುಚ್ಚುವ ಈಜುಡುಗೆ ಕೊಟ್ಟು, ಖಾಲಿ ಪ್ಲಾಸ್ಟಿಕ್ ಕ್ಯಾನುಗಳನ್ನು ತೇಲುಬುರುಡೆಯಾಗಿ ಬಳಸಿ ಅವರಿಗೆ ಕಲಿಸಿತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಮನೆ ಹಿಂದಿನ ಕೊಳದಲ್ಲೇ ಬಿದಿರಿನ ಅಟ್ಟಣೆ ಕಟ್ಟಿ ಮಕ್ಕಳಿಗೆ 25 ಮೀಟರ್ ಈಜುವುದನ್ನೂ ದಡದಿಂದಲೇ ಇತರರನ್ನು ಉಳಿಸುವುದನ್ನೂ ಹೇಳಿಕೊಡುತ್ತಾರೆ. ಎರಡೂ ಕಡೆ ಶ್ರದ್ಧೆಗೆ ಧಕ್ಕೆಯಾಗಿಲ್ಲ, ಕಟ್ಟಡಕ್ಕೆ ಕೋಟಿಗಳೂ ಬೇಕಾಗಲಿಲ್ಲ. ಕರ್ನಾಟಕದ ಮುಜರಾಯಿ ದೇವಸ್ಥಾನಗಳ ಕಲ್ಯಾಣಿಗಳ ಪೈಕಿ ನೀರು ಚೊಕ್ಕಟವಾಗಿರುವ ಕೆಲವನ್ನಾದರೂ ಬೇಸಿಗೆಯಲ್ಲಿ ಈ ಕೆಲಸಕ್ಕೆ ತೆರೆಯುವುದು ಯೋಚಿಸಬೇಕಾದ ವಿಷಯ.

ಮಂಡ್ಯ ಜಿಲ್ಲೆಯ ಮುತ್ತತ್ತಿಯಲ್ಲಿ ಸೀತೆಯ ಮೂಗುತಿಯ ಮುತ್ತು ಕಾವೇರಿಯಲ್ಲಿ ಬಿತ್ತೆಂದೂ ಹನುಮಂತ ಬಾಲದಿಂದ ನೀರು ಕಲಕಿ ಅದನ್ನು ಎತ್ತಿಕೊಟ್ಟನೆಂದೂ ಸ್ಥಳಪುರಾಣ. ಬಂಡೆಗಳ ನಡುವಿನ ಸುಳಿಗಳು ಅಲ್ಲಿ ಇಂದಿಗೂ ಪ್ರವಾಸಿಗಳ ಜೀವ ತೆಗೆಯುತ್ತಿವೆ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಮಳೆಗಾಲಕ್ಕೆ ಕುಮಾರಧಾರಾ ಸ್ನಾನಘಟ್ಟ ಮುಳುಗಿದಾಗ ಭಕ್ತರನ್ನು ನದಿಗಿಳಿಯಲು ಬಿಡುವುದಿಲ್ಲ. ದಡದಲ್ಲೇ ತಲೆಗೆ ತೀರ್ಥ ಪ್ರೋಕ್ಷಣೆ ಮಾಡಿಕೊಂಡು ಜನ ದರ್ಶನಕ್ಕೆ ಹೋಗುತ್ತಾರೆ, ಹರಕೆ ಕೆಟ್ಟಿತೆಂದು ಯಾರೂ ಕೊರಗುವುದಿಲ್ಲ. ಹರಿದ್ವಾರದ ಘಟ್ಟಗಳಲ್ಲಿ ಹಿಡಿದುಕೊಂಡು ಮುಳುಗಲು ಕಬ್ಬಿಣದ ಸರಪಳಿಗಳಿವೆ. ಮುತ್ತತ್ತಿಯ ಸುಳಿಗಳಿಗೆ ಮಳೆಗಾಲ, ಬೇಸಿಗೆ ಎಂಬ ಭೇದವಿಲ್ಲ. ಕುಕ್ಕೆಯಲ್ಲಿ ಕೆಲವು ವಾರ ನಡೆಯುವ ಪ್ರೋಕ್ಷಣೆಯ ಪದ್ಧತಿಯನ್ನು ಮುತ್ತತ್ತಿಯಲ್ಲಿ ವರ್ಷವಿಡೀ ಪಾಲಿಸಲು ಅರ್ಚಕರೊಬ್ಬರ ಮಾತು, ಕಾವಲಿಗೆ ಈಜು ಬಲ್ಲ ಸ್ಥಳೀಯ ಹುಡುಗರು, ಗಟ್ಟಿ ಹಗ್ಗ ಮತ್ತು ನಾಲ್ಕು ಟ್ಯೂಬು ಇದ್ದರೆ ಶುರುಮಾಡಬಹುದು.